ಕುದುರೆ ಲದ್ದಿ ಎತ್ತುವ ಯಂತ್ರದ ಸದ್ದು ಇಳಿಸುವುದು ಹೇಗೆ? ಮಲೆನಾಡಿನ ಬಯಲಿಗೊಂದು ಸಮಗ್ರ ಮಾರ್ಗದರ್ಶಿ

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರ, ಬೇಲೂರಿನ ಸುತ್ತ ತೋಟದ ಮಗ್ಗುಲಲ್ಲೋ ಹೋಮ್‌ಸ್ಟೇ ಜೊತೆಗೋ ನಾಲ್ಕಾರು ಕುದುರೆ ಇಟ್ಟುಕೊಂಡವರಿಗೆ ಲದ್ದಿ ಬಳಿಯುವುದು ನಿತ್ಯದ ಕೆಲಸ. ಆಳು ಸಿಗುವುದಿಲ್ಲ ಎಂದು ಕೆಲವರು ಪೆಟ್ರೋಲ್ ಎಂಜಿನ್ನಿನ ಹೀರುವ ಯಂತ್ರ ತರಿಸುತ್ತಾರೆ. ಇನ್ನು ಕೆಲವರು ಹತ್ತಿರದ ವೆಲ್ಡಿಂಗ್ ಶಾಪಿನಲ್ಲೇ ಎಂಜಿನ್, ಗಾಳಿ ಎಳೆದು ದೂಡುವ ಬ್ಲೋವರ್, ದಪ್ಪ ಸುರುಳಿ ಪೈಪು, ತಗಡಿನ ಪೆಟ್ಟಿಗೆ ಸೇರಿಸಿ, ಜೀಪಿನ ಹಿಂದೆ ಕಟ್ಟಿ ಎಳೆಯುವ ಹಾಗೆ ಮಾಡಿಸಿಕೊಳ್ಳುತ್ತಾರೆ. ಬಯಲೇನೋ ಬೇಗ ಚೊಕ್ಕಟವಾಗುತ್ತದೆ. ಆದರೆ ಸದ್ದು ಕಣಿವೆ ತುಂಬುತ್ತದೆ, ಕುದುರೆ ಬೆದರುತ್ತದೆ, ಪೈಪು ಹಿಡಿದವನ ಕಿವಿ ಸಂಜೆಯವರೆಗೂ ಗುಂಯ್ ಎನ್ನುತ್ತದೆ.

ಈ ಸದ್ದನ್ನು ಇಳಿಸಲು ಸಾಧ್ಯವಿದೆ, ಅದಕ್ಕೆ ದೊಡ್ಡ ಖರ್ಚೂ ಬೇಕಿಲ್ಲ. ಆದರೆ ಕ್ರಮ ತಪ್ಪಬಾರದು. ಹೊಸ ಸೈಲೆನ್ಸರ್ ಹಾಕಿಸುವುದು, ಗೋಣಿಚೀಲ ಹೊದಿಸುವುದು, ಬೇಲಿ ಎತ್ತರಿಸುವುದು ಎಲ್ಲವೂ ಎರಡನೆಯ ಮಾತು. ಯಂತ್ರದೊಳಗೆ ಐದಾರು ಕಡೆಯಿಂದ ಸದ್ದು ಹೊರಡುತ್ತದೆ; ಅವುಗಳಲ್ಲಿ ಎಲ್ಲಕ್ಕಿಂತ ಜೋರಾದದ್ದು ಯಾವುದು ಎಂದು ಮೊದಲು ಹುಡುಕಬೇಕು. ಅದನ್ನು ಬಿಟ್ಟು ಬೇರೆ ಯಾವುದಕ್ಕೆ ಕೈಹಾಕಿದರೂ ದುಡ್ಡು ದಂಡ.

ಮೊದಲ ಹೆಜ್ಜೆ: ಯಂತ್ರ ಎಷ್ಟು ಬೇಕು ಎಂದು ಲೆಕ್ಕ ಹಾಕಿ

ದೊಡ್ಡ ಮೈಯ ಒಂದು ಕುದುರೆ ದಿನಕ್ಕೆ ಸುಮಾರು 15ರಿಂದ 20 ಕಿಲೋ ಲದ್ದಿ ಹಾಕುತ್ತದೆ. ರಾತ್ರಿ ಲಾಯದಲ್ಲಿ ಕಟ್ಟುವವರಾದರೆ ಅದರಲ್ಲಿ ದೊಡ್ಡ ಪಾಲು ಲಾಯದಲ್ಲೇ ಬೀಳುತ್ತದೆ, ಅಲ್ಲಿಗೆ ಸಲಿಕೆ, ಪೊರಕೆ ಸಾಕು. ಬಯಲಿನಲ್ಲಿ ಬಿದ್ದದ್ದನ್ನು ವಾರಕ್ಕೆ ಎರಡು ಸಲ ಎತ್ತಿದರೆ ಹೊಟ್ಟೆಹುಳುವಿನ ಕಾಟ ಚೆನ್ನಾಗಿ ಹತೋಟಿಗೆ ಬರುತ್ತದೆ. ಬೆಚ್ಚಗೆ, ಒದ್ದೆಯಾಗಿರುವ ದಿನಗಳಲ್ಲಿ ಲದ್ದಿಯಲ್ಲಿನ ಹುಳುವಿನ ಮೊಟ್ಟೆ ಒಡೆದು, ಮರಿ ಹುಲ್ಲಿಗೆ ಹತ್ತುವ ಹಂತಕ್ಕೆ ಬರಲು ಸುಮಾರು ಒಂದು ವಾರ ಸಾಕು. ಅಷ್ಟರೊಳಗೆ ಎತ್ತಬೇಕು ಎಂಬುದೇ ಎರಡು ಸಲದ ಲೆಕ್ಕ. ದಿನಾ ಯಂತ್ರ ಓಡಿಸುವ ಅಗತ್ಯವೇ ಇಲ್ಲ.

ಎರಡು ಮೂರು ಕುದುರೆಗಳಿದ್ದರೆ ನಾನು ಯಂತ್ರ ಬೇಡ ಎಂದೇ ಹೇಳುತ್ತೇನೆ. ಕವಲು ಹಲ್ಲಿನ ಫೋರ್ಕ್, ಒಂದು ಬಾಣಲಿ, ತಳ್ಳುಗಾಡಿ ಇದ್ದರೆ ಬೆಳಗಿನ ಕೆಲಸದ ಜೊತೆಗೇ ಮುಗಿಯುತ್ತದೆ. ಬಯಲು ಸಮತಟ್ಟಾಗಿದ್ದರೆ ಎಂಜಿನ್ನೇ ಇಲ್ಲದ, ಎಳೆದಾಗ ಚಕ್ರದ ತಿರುಗುವಿಕೆಯಿಂದಲೇ ಬ್ರಷ್ ಸುತ್ತುವ ಯಂತ್ರವೂ ಇದೆ. ಅದರಲ್ಲಿ ಕೇಳುವುದು ಎಳೆಯುವ ಗಾಡಿಯ ಸದ್ದು ಮಾತ್ರ. ಮನೆಯಲ್ಲಿ ಹಸುಗಳಿದ್ದರೆ ಕುದುರೆ ಮೇಯ್ದ ಬಯಲಿಗೆ ಆಮೇಲೆ ಹಸು ಬಿಡಿ. ಕುದುರೆಯ ಹುಳುಗಳಲ್ಲಿ ಹೆಚ್ಚಿನವು ಹಸುವಿಗೆ ಅಂಟುವುದಿಲ್ಲ, ಹಸುವಿನವು ಕುದುರೆಗೆ ಅಂಟುವುದಿಲ್ಲ. ಕುದುರೆ ಮುಟ್ಟದೆ ಬಿಟ್ಟ, ಲದ್ದಿಯ ಸುತ್ತಲಿನ ಎತ್ತರದ ಹುಲ್ಲನ್ನೂ ಹಸು ಮೇಯುತ್ತದೆ.

ಇಷ್ಟಾದ ಮೇಲೂ ಯಂತ್ರ ಬೇಕೇ ಬೇಕು ಎನ್ನುವಷ್ಟು ಕುದುರೆ, ಅಷ್ಟು ಬಯಲು ಇದ್ದರೆ ಮುಂದೆ ಓದಿ.

ಡೆಸಿಬಲ್ ಲೆಕ್ಕ, ಕೆಲಸಕ್ಕೆ ಬೇಕಾದಷ್ಟು

ಸದ್ದಿನ ಜೋರನ್ನು ಅಳೆಯುವ ಡೆಸಿಬಲ್ ಕೂಡಿಸುವ ರೀತಿ ಬೇರೆ. 90 ಡೆಸಿಬಲ್‌ನ ಎರಡು ಯಂತ್ರ ಸೇರಿದರೆ 180 ಅಲ್ಲ, 93. ಹತ್ತು ಡೆಸಿಬಲ್ ಇಳಿದರೆ ಕಿವಿಗೆ ಸದ್ದು ಸುಮಾರು ಅರ್ಧಕ್ಕೆ ಇಳಿದಂತೆ ಅನ್ನಿಸುತ್ತದೆ. ತೆರೆದ ಬಯಲಲ್ಲಿ ದೂರ ಎರಡರಷ್ಟಾದಾಗ ಆರು ಡೆಸಿಬಲ್ ಇಳಿಯುತ್ತದೆ. 7 ಮೀಟರ್ ದೂರದಲ್ಲಿ 80 ಇದ್ದದ್ದು 14 ಮೀಟರಿಗೆ 74, 28ಕ್ಕೆ 68, 56ಕ್ಕೆ 62, 112 ಮೀಟರಿಗೆ 56. ಹವೆ ಅಡ್ಡಬರದಿದ್ದಾಗಿನ ಲೆಕ್ಕ ಇದು. ಮಲೆನಾಡಿನ ಮುಂಜಾವಿನಲ್ಲಿ ಹವೆ ಅಡ್ಡ ಬಂದೇ ಬರುತ್ತದೆ, ಅದನ್ನು ಮುಂದೆ ಹೇಳುತ್ತೇನೆ.

ಎರಡನೆಯ ಹೆಜ್ಜೆ: ಅಳೆಯಿರಿ

ಅಳತೆ ಇಲ್ಲದೆ ರಿಪೇರಿಗೆ ಇಳಿಯಬೇಡಿ. ಮೊಬೈಲಿನ ಆಪ್ ಪೊಲೀಸರಿಗೆ ತೋರಿಸುವ ಸಾಕ್ಷಿಯಾಗದು. ಆದರೆ ಅದೇ ಮೊಬೈಲು, ಅದೇ ಜಾಗ, ಅದೇ ಎತ್ತರ ಎಂದು ಇಟ್ಟುಕೊಂಡರೆ ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು ಎಂದು ಹೋಲಿಸಲು ಸಾಕು. ಐಫೋನ್ ಇರುವವರಿಗೆ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ ಕೊಟ್ಟಿರುವ ಉಚಿತ ಆಪ್ ಇದೆ. ಕೈಲಿ ಹಿಡಿಯುವ ಮೀಟರ್ ಬಾಡಿಗೆಗೋ ಗೆಳೆಯರಿಂದಲೋ ಸಿಕ್ಕರೆ ಇನ್ನೂ ಒಳ್ಳೆಯದು. ಮೀಟರನ್ನು ‘ಎ’ ತೂಕಕ್ಕೆ (ಮನುಷ್ಯರ ಕಿವಿ ಕೇಳುವ ರೀತಿಗೆ ಹೊಂದಿಸಿದ ಅಳತೆ), ‘ಸ್ಲೋ’ಗೆ (ಅಂಕಿ ನಿಧಾನವಾಗಿ ಬದಲಾಗುವಂತೆ) ಇಡಿ. ಒಂದೊಂದು ಜಾಗದಲ್ಲೂ ಅರ್ಧ ನಿಮಿಷ ನಿಂತು ಸರಾಸರಿ ಬರೆದುಕೊಳ್ಳಿ.

ಅಳೆಯಬೇಕಾದ ಜಾಗಗಳು: ಪೈಪು ಹಿಡಿಯುವವನ ಕಿವಿಯ ಪಕ್ಕ, ಒಂದು ಗೇಣಿನೊಳಗೆ. ಯಂತ್ರದಿಂದ 7 ಮೀಟರ್ ದೂರ, ನಾಲ್ಕೂ ದಿಕ್ಕಿಗೆ. ಲಾಯದ ಬಾಗಿಲು. ಗಡಿ ಬೇಲಿ. ತೋಟದ ಕೆಲಸಗಾರರು ಇರುವ ಲೈನ್‌ಮನೆಗಳ ಮುಂದೆ. ಪಕ್ಕದ ಮನೆಯವರು ಒಪ್ಪಿದರೆ ಅವರ ಜಗಲಿಯ ಮೇಲೆ. ಯಂತ್ರ ನಿಲ್ಲಿಸಿ ಅದೇ ಜಾಗಗಳಲ್ಲಿ ಇನ್ನೊಮ್ಮೆ ಅಳೆಯಿರಿ. ನಿಲ್ಲಿಸಿದಾಗಿನ ಅಂಕಿ ಓಡುವಾಗಿನದಕ್ಕಿಂತ ಹತ್ತು ಡೆಸಿಬಲ್ ಅಥವಾ ಇನ್ನೂ ಹೆಚ್ಚು ಕಡಿಮೆ ಇದ್ದರೆ ಮೊದಲಿನ ಅಳತೆ ಯಂತ್ರದ್ದೇ. ಅಂತರ ಮೂರೇ ಇದ್ದರೆ ಅರ್ಧ ಸದ್ದು ರಸ್ತೆಯದೋ, ಹಳ್ಳದ ನೀರಿನದೋ, ಜೀರುಂಡೆಯದೋ ಆಗಿರುತ್ತದೆ.

ಮೂರನೆಯ ಹೆಜ್ಜೆ: ಜೋರಾದ ಮೂಲ ಯಾವುದು?

ಇಡೀ ಕೆಲಸದ ಜೀವಾಳ ಈ ಹೆಜ್ಜೆ. ಒಂದು ಬೆಳಗ್ಗೆ ಪೂರ್ತಿ ಇದಕ್ಕೇ ಇಡಿ.

ಬೆಲ್ಟ್‌ನಿಂದ ತಿರುಗುವ ಬ್ಲೋವರ್ ಆದರೆ ಎಂಜಿನ್ ನಿಲ್ಲಿಸಿ, ಸ್ಪಾರ್ಕ್ ಪ್ಲಗ್ಗಿನ ಕ್ಯಾಪ್ ಎಳೆದಿಟ್ಟು ಬೆಲ್ಟ್ ಬಿಚ್ಚಿ. ಕ್ಯಾಪ್ ಮತ್ತೆ ಹಾಕಿ, ಈಗ ಬರೀ ಎಂಜಿನ್ನನ್ನು ಕೆಲಸದ ವೇಗದಲ್ಲಿ ಸ್ವಲ್ಪ ಹೊತ್ತು ಓಡಿಸಿ ಅಳೆಯಿರಿ. ಆಮೇಲೆ ಬೆಲ್ಟ್ ಹಾಕಿ, ಪೈಪು ಕಳಚಿ ಅಳೆಯಿರಿ. ಮೂರನೆಯದಾಗಿ ಪೈಪು ಜೋಡಿಸಿ, ಬಾಯಿ ತೆರೆದಿಟ್ಟು. ಕೊನೆಗೆ ಕೆಲಸ ಮಾಡುವಾಗ ಇರುವಂತೆ, ನೆಲದ ಮೇಲೆ ಪೈಪಾಡಿಸುತ್ತ. ಪ್ರತಿ ಹಂತದಲ್ಲಿ ಅಂಕಿ ಎಷ್ಟು ಜಿಗಿಯಿತು ಎಂಬುದೇ ಸುಳಿವು. ಬ್ಲೋವರ್ ನೇರವಾಗಿ ಎಂಜಿನ್ ಶಾಫ್ಟಿಗೇ ಕೂತಿದ್ದರೆ ಹೀಗೆ ಬಿಡಿಸಲು ಆಗದು. ಆಗ 7 ಮೀಟರಿನ ನಾಲ್ಕು ದಿಕ್ಕಿನ ಅಳತೆ ನೋಡಿ. ಸೈಲೆನ್ಸರ್ ಕಡೆ ಜಾಸ್ತಿಯೋ, ಬ್ಲೋವರಿನ ಗಾಳಿ ಹೊರಬೀಳುವ ಕಡೆ ಜಾಸ್ತಿಯೋ ಎಂದು ಗೊತ್ತಾಗುತ್ತದೆ.

ಒಂದು ಲೆಕ್ಕ ನೋಡಿ. ಎಂಜಿನ್ ಒಂದೇ ಓಡಿದಾಗ 85, ಎಲ್ಲ ಸೇರಿದಾಗ 95 ಬಂತು ಎಂದುಕೊಳ್ಳಿ. ಹಾಗಾದರೆ ಬ್ಲೋವರಿನ ಪಾಲು ಸುಮಾರು 94.5. ಈಗ ಒಳ್ಳೆಯ ಸೈಲೆನ್ಸರ್ ತಂದು ಎಂಜಿನ್ನನ್ನು 80ಕ್ಕೆ ಇಳಿಸಿದಿರಿ. ಒಟ್ಟು ಎಷ್ಟಾಯಿತು? 94.7. ಕಿವಿಗೆ ವ್ಯತ್ಯಾಸವೇ ತಿಳಿಯದು. ಅದರ ಬದಲು ಬ್ಲೋವರಿನ ವೇಗವನ್ನು ಐದರಲ್ಲೊಂದು ಪಾಲು ಇಳಿಸಿದರೆ ಬ್ಲೋವರಿನ ಸದ್ದು 90ರ ಆಸುಪಾಸಿಗೆ ಬಂದು, ಒಟ್ಟು 91 ಆಗುತ್ತದೆ. ಖರ್ಚು ಒಂದು ಪುಲ್ಲಿಯದು ಅಷ್ಟೆ. ಸೈಲೆನ್ಸರ್ ಬದಲಿಸಿದರೂ ಏನೂ ಪ್ರಯೋಜನವಾಗಲಿಲ್ಲ ಎನ್ನುವವರ ಯಂತ್ರದಲ್ಲಿ ಹೆಚ್ಚಾಗಿ ಆಗಿರುವುದು ಇದೇ.

ಅಳತೆಯ ಜೊತೆ ಕಿವಿಯನ್ನೂ ಬಳಸಿ. ಆರು ರೆಕ್ಕೆಯ ಬ್ಲೋವರ್ ನಿಮಿಷಕ್ಕೆ 3600 ಸುತ್ತು ತಿರುಗಿದರೆ ಸೆಕೆಂಡಿಗೆ 360 ಸಲ ರೆಕ್ಕೆ ಗಾಳಿಯನ್ನು ಬಡಿಯುತ್ತದೆ. ಅದು ಒಂದೇ ಶ್ರುತಿಯಲ್ಲಿ ಊಳಿಡುವ ದನಿ. ಡಬಡಬ ಎನ್ನುವುದು ಸೈಲೆನ್ಸರಿನದು. ಕಿರ್ರೆನ್ನುವುದು ಬೇರಿಂಗಿನದು ಅಥವಾ ಸಡಿಲ ಬೆಲ್ಟಿನದು. ಜರಜರ ಎನ್ನುವುದು ತಗಡು. ಹೀರುವ ಬಾಯಿಗೆ ಹುಲ್ಲಿನ ಉಂಡೆ ಸಿಕ್ಕಿಕೊಂಡರೆ ಬ್ಲೋವರಿಗೆ ಹೊರೆ ಕಡಿಮೆಯಾಗಿ ದನಿ ಇದ್ದಕ್ಕಿದ್ದಂತೆ ಕೀರಲಿಗೆ ಏರುತ್ತದೆ. ಹಾಗೆ ಏರಿದ ಕೂಡಲೇ ನಿಲ್ಲಿಸಿ ಪೈಪು ಬಿಡಿಸಬೇಕು. ಎಕ್ಸಿಲೇಟರ್ ಇನ್ನಷ್ಟು ಕೊಟ್ಟು ಎಳೆಯಲು ನೋಡಿದರೆ ಸದ್ದು ಮಾತ್ರ ಹೆಚ್ಚುತ್ತದೆ, ಲದ್ದಿ ಬರುವುದಿಲ್ಲ.

ನಾಲ್ಕನೆಯ ಹೆಜ್ಜೆ: ಮೂಲದಲ್ಲೇ ಇಳಿಸಿ

*ವೇಗ.* ಬ್ಲೋವರಿನ ಸದ್ದು ವೇಗಕ್ಕೆ ಬಹಳ ಬೇಗ ಸ್ಪಂದಿಸುತ್ತದೆ. ವೇಗ ಐದರಲ್ಲೊಂದು ಪಾಲು ಇಳಿದರೆ ಗಾಳಿಯ ಪ್ರಮಾಣ ಅಷ್ಟೇ ಪಾಲು ಇಳಿಯುತ್ತದೆ, ಸದ್ದು ಸುಮಾರು ಐದು ಡೆಸಿಬಲ್ ಇಳಿಯುತ್ತದೆ, ಬೇಕಾಗುವ ಶಕ್ತಿ ಅರ್ಧದ ಹತ್ತಿರಕ್ಕೆ ಬರುತ್ತದೆ. ಪೆಟ್ರೋಲೂ ಉಳಿಯುತ್ತದೆ. ಎಷ್ಟಕ್ಕೆ ಇಳಿಸಬಹುದು ಎಂದು ಬಯಲಲ್ಲೇ ಪರೀಕ್ಷೆ ಮಾಡಿ: ಹೊಸ ಲದ್ದಿ, ಒಂದು ದಿನ ಒಣಗಿದ ಲದ್ದಿ, ಮಳೆಗೆ ಕರಗಿದ ಲದ್ದಿ ಎಂದು ಮೂರು ಗುಡ್ಡೆ ನೋಡಿಕೊಂಡು, ಎಕ್ಸಿಲೇಟರನ್ನು ಕೆಳಗಿನಿಂದ ಸ್ವಲ್ಪ ಸ್ವಲ್ಪವೇ ಏರಿಸುತ್ತ ಬನ್ನಿ. ಎರಡನೆಯ ಗುಡ್ಡೆ ಸಲೀಸಾಗಿ ಎದ್ದ ಜಾಗಕ್ಕೆ ಬಣ್ಣದಲ್ಲಿ ಗುರುತು ಹಾಕಿ. ಅದೇ ನಿಮ್ಮ ಕೆಲಸದ ವೇಗ. ಹೊಸ, ಒದ್ದೆ ಲದ್ದಿಗಾಗಿ ಪೂರ್ತಿ ಎಕ್ಸಿಲೇಟರ್ ಕೊಡುವುದಕ್ಕಿಂತ ಅದನ್ನು ಒಂದು ದಿನ ಒಣಗಲು ಬಿಡುವುದು ಜಾಣತನ. ಬೆಲ್ಟ್ ಯಂತ್ರವಾದರೆ ಬ್ಲೋವರ್ ಕಡೆಗೆ ದೊಡ್ಡ ಪುಲ್ಲಿ ಹಾಕಿಸಿ. ಪೈಪಿನ ಬಾಯಿಯನ್ನು ನೆಲಕ್ಕೆ ಇನ್ನೂ ಹತ್ತಿರ ಹಿಡಿದರೆ, ಉದ್ದ ಪೈಪನ್ನು ತುಂಡರಿಸಿ ಬಾಗು ಕಡಿಮೆ ಮಾಡಿದರೆ, ಇಳಿದ ವೇಗದಲ್ಲೂ ಹೀರುವ ಬಲ ಉಳಿಯುತ್ತದೆ. ಎಂಜಿನ್ನಿನ ವೇಗವನ್ನು ಹತೋಟಿಯಲ್ಲಿಡುವ ಗವರ್ನರ್ ಸ್ಪ್ರಿಂಗನ್ನು ಬಿಗಿಮಾಡಿ ವೇಗವನ್ನು ಕಂಪನಿ ಹೇಳಿದ ಮಿತಿಗಿಂತ ಮೇಲಕ್ಕೆ ಒಯ್ಯುವುದು ಮಾತ್ರ ಎಂದೂ ಬೇಡ. ರೆಕ್ಕೆ ಮುರಿದು ಹಾರಿದರೆ ಹತ್ತಿರ ಇದ್ದವರ ಜೀವಕ್ಕೇ ಅಪಾಯ.

*ರೆಕ್ಕೆ.* ಲದ್ದಿ ಬ್ಲೋವರಿನ ಒಳಗಿನಿಂದಲೇ ಹಾದುಹೋಗುವ ಮಾದರಿಯಲ್ಲಿ ರೆಕ್ಕೆಗಳ ಹಿಂಬದಿಗೆ ಲದ್ದಿ ಮೆತ್ತಿ ಸಿಮೆಂಟಿನಂತೆ ಗಟ್ಟಿಯಾಗುತ್ತದೆ. ಒಂದು ರೆಕ್ಕೆಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಮೆತ್ತಿದಾಗ ತೂಕ ತಪ್ಪಿ ಇಡೀ ಯಂತ್ರ ನಡುಗುತ್ತದೆ. ಎಂಜಿನ್ ನಿಲ್ಲಿಸಿ, ಪ್ಲಗ್ ಕ್ಯಾಪ್ ತೆಗೆದು, ಮುಚ್ಚಳ ಬಿಚ್ಚಿ, ಮರದ ತುಂಡಿನಿಂದ ಕೆರೆದು ತೆಗೆಯಿರಿ. ಕಬ್ಬಿಣದ ಉಳಿ ಬಳಸಿದರೆ ರೆಕ್ಕೆ ಗೀರಿ ಮುಂದಿನ ಸಲ ಇನ್ನೂ ಬೇಗ ಮೆತ್ತುತ್ತದೆ. ಕೈಗವಸು ಹಾಕಿಕೊಳ್ಳಿ. ಕುದುರೆ ಲದ್ದಿಯಲ್ಲಿ ಧನುರ್ವಾಯುವಿನ ರೋಗಾಣು ಇರುವುದು ಸಾಮಾನ್ಯ. ಈ ಕೆಲಸ ಮಾಡುವವರೆಲ್ಲರ ಟಿಟಿ ಚುಚ್ಚುಮದ್ದು ಬಾಕಿ ಉಳಿಯದಂತೆ ನೋಡಿಕೊಳ್ಳಿ. ಕೆರೆದ ಮೇಲೂ ನಡುಕ ನಿಲ್ಲದಿದ್ದರೆ ರೆಕ್ಕೆ ಬಾಗಿದೆ ಅಥವಾ ಬೇರಿಂಗ್ ಹೋಗಿದೆ.

*ತಗಡು.* ಊರಲ್ಲಿ ಮಾಡಿಸಿದ ಯಂತ್ರಗಳಲ್ಲಿ ಲದ್ದಿ ತುಂಬುವ ಪೆಟ್ಟಿಗೆಯೇ ತಮಟೆಯಾಗಿರುತ್ತದೆ. ತೆಳು ತಗಡಿನ ದೊಡ್ಡ ಬದಿ, ಅದಕ್ಕೆ ನೇರವಾಗಿ ಬೋಲ್ಟು ಹಾಕಿ ಕೂರಿಸಿದ ಎಂಜಿನ್. ಯಂತ್ರ ಓಡುವಾಗ ಪೆಟ್ಟಿಗೆಯ ಬದಿಗೆ ಅಂಗೈ ಒತ್ತಿ ಹಿಡಿದು ನೋಡಿ. ಸದ್ದು ಮಂದವಾದರೆ ಅಪರಾಧಿ ಸಿಕ್ಕಿದಂತೆ. ಬದಿಯ ಒಳಗೆ ಅಡ್ಡಡ್ಡ ಆಂಗಲ್ ಪಟ್ಟಿ ವೆಲ್ಡ್ ಮಾಡಿಸಿ, ಹೊರಗಿನಿಂದ ಕಾರಿನ ಬಾಗಿಲೊಳಗೆ ಅಂಟಿಸುವ ಡಾಂಬರು ಹಾಳೆ ಅಂಟಿಸಿ. ಎಂಜಿನ್ ಕೆಳಗೆ ರಬ್ಬರ್ ಬುಷ್ ಕೊಡಿಸಿ. ಕಲ್ಲು ಬಡಿಯುವ ಜಾಗಕ್ಕೆ, ಅಂದರೆ ಪೈಪು ಪೆಟ್ಟಿಗೆಗೆ ಸೇರುವ ಎದುರು ಬದಿಗೆ, ಹಳೆಯ ಟೈರಿನ ತುಂಡು ಅಥವಾ ಕನ್ವೇಯರ್ ಬೆಲ್ಟಿನ ತುಂಡು ಬಿಗಿಯಿರಿ. ಮುಚ್ಚಳದ ಅಂಚಿಗೆ ರಬ್ಬರ್ ಬೀಡಿಂಗ್, ಸಡಿಲವಾಗುವ ಎಲ್ಲ ಬೋಲ್ಟಿಗೂ ನೈಲಾಕ್ ನಟ್ಟು (ಒಳಗೆ ನೈಲಾನ್ ಬಳೆ ಇರುವ, ನಡುಕಕ್ಕೆ ಬಿಚ್ಚಿಕೊಳ್ಳದ ನಟ್ಟು). ಇದಿಷ್ಟು ಒಂದು ದಿನದ ಕೆಲಸ.

*ಗಾಳಿ ಹೊರಬೀಳುವ ದಾರಿ.* ಎಂಜಿನ್ನಿಗೆ ಸೈಲೆನ್ಸರ್ ಇದೆ, ಬ್ಲೋವರಿಗೆ ಇಲ್ಲ. ಅದರ ಊಳು ನೇರ ಹೊರಗೆ ಬರುತ್ತದೆ. ಹೊರಬಾಯಿಗೆ ಒಂದು ಚೌಕ ನಾಳ ಮಾಡಿಸಿ, ಒಳಗೋಡೆಗೆ ಎರಡು ಇಂಚು ದಪ್ಪ ರಾಕ್‌ವೂಲ್ (ಸದ್ದು ಹೀರುವ ಕಲ್ಲಿನ ನಾರಿನ ಹಾಸು) ಹಾಸಿ, ಮೇಲೆ ತೂತುತೂತಿನ ತಗಡು ಮುಚ್ಚಿಸಿ. ನಾಳದಲ್ಲಿ ಒಂದು ಬಾಗು ಇದ್ದರೆ ಇನ್ನೂ ಚೆನ್ನ. ಒಳಗಿನ ಜಾಗ ಮೂಲ ಬಾಯಿಗಿಂತ ಕಿರಿದಾಗಬಾರದು. ಬಾಯಿಯನ್ನು ಮನೆಗಳಿಗೆ ಬೆನ್ನಾಗಿ ತಿರುಗಿಸಿ. ನೆಲಕ್ಕೆ ನೇರ ಊದಿದರೆ ಒಣ ಲದ್ದಿಯ ದೂಳು ಏಳುತ್ತದೆ, ಹಾಗಾಗಿ ಓರೆಯಾಗಿ ಇಡಿ. ರಾಕ್‌ವೂಲ್ ಒದ್ದೆಯಾದರೆ ಕೆಲಸ ಮಾಡದು. ಮಳೆಗಾಲ ಮುಗಿದ ಮೇಲೆ ಬಿಚ್ಚಿ ನೋಡಿ ಬದಲಿಸಬೇಕು.

*ಸೈಲೆನ್ಸರ್.* ನಮ್ಮ ಮಳೆಗೆ ಸೈಲೆನ್ಸರಿನ ತಳ ಮೊದಲು ತುಕ್ಕು ಹಿಡಿದು ತೂತಾಗುತ್ತದೆ. ಎಂಜಿನ್ನಿಗೆ ಸೇರುವ ಕಡೆ ಕಪ್ಪು ಮಸಿ ಕಂಡರೆ ಗ್ಯಾಸ್ಕೆಟ್ ಸೋರುತ್ತಿದೆ. ಎರಡನ್ನೂ ಸರಿಮಾಡಿಸಿ. ಅದೇ ಎಂಜಿನ್ನಿಗೆ ಕಂಪನಿ ಕೊಡುವ ಕಡಿಮೆ ಸದ್ದಿನ ಸೈಲೆನ್ಸರ್ ಸಿಕ್ಕರೆ ಅದನ್ನೇ ಹಾಕಿ. ಒಳಗೆ ಉಕ್ಕಿನ ನಾರು ತುರುಕುವುದು, ಬಾಯಿಗೆ ಡಬ್ಬಿ ಸಿಕ್ಕಿಸುವುದು ಬೇಡ. ಹೊಗೆಗೆ ದಾರಿ ಕಟ್ಟಿ ಎಂಜಿನ್ ವಿಪರೀತ ಬಿಸಿಯಾಗುತ್ತದೆ. ಇಡೀ ಎಂಜಿನ್ನಿಗೆ ಪೆಟ್ಟಿಗೆ ಹೊದಿಸುವ ಸಲಹೆಯನ್ನೂ ನಾನು ಒಪ್ಪುವುದಿಲ್ಲ. ಗಾಳಿಯಿಂದ ತಂಪಾಗುವ ಎಂಜಿನ್ ಅದು, ಮುಚ್ಚಿದರೆ ಸೀಜ್ ಆಗುತ್ತದೆ. ಗೋಣಿಚೀಲ, ತೆಂಗಿನ ನಾರಿನ ಚಾಪೆ ಸೈಲೆನ್ಸರಿನ ಹತ್ತಿರ ಸುಳಿಯಲೇಬಾರದು. ಫೆಬ್ರವರಿ, ಮಾರ್ಚಿನ ಒಣ ಹುಲ್ಲಿಗೆ ಒಂದು ಕಿಡಿ ಸಾಕು. ಆ ತಿಂಗಳುಗಳಲ್ಲಿ ಕಿಡಿ ತಡೆಯುವ ಜಾಲರಿ ಇದೆಯೇ ಎಂದು ನೋಡಿಯೇ ಬಯಲಿಗೆ ಇಳಿಯಿರಿ.

ಐದನೆಯ ಹೆಜ್ಜೆ: ಹೊತ್ತು, ಗಾಳಿ, ಧರೆ

ನವೆಂಬರಿನಿಂದ ಫೆಬ್ರವರಿಯವರೆಗೆ ನಮ್ಮ ಕಣಿವೆಗಳಲ್ಲಿ ಬೆಳಗಿನ ಮಂಜು ನೆಲಕ್ಕೆ ಅಂಟಿಕೊಂಡಿರುತ್ತದೆ. ಆಗ ನೆಲದ ಹತ್ತಿರದ ಗಾಳಿ ತಣ್ಣಗೆ, ಮೇಲಿನದು ಬೆಚ್ಚಗೆ ಇರುತ್ತದೆ. ಸದ್ದು ಮೇಲೆ ಹೋಗಿ ಚದುರುವ ಬದಲು ಬಾಗಿ ಮತ್ತೆ ಕೆಳಗೇ ಬರುತ್ತದೆ. ಬೆಳಗ್ಗೆ ಆರೂವರೆಗೆ ಎದುರು ಗುಡ್ಡದ ಮನೆಯ ಮಾತು ಸ್ಪಷ್ಟ ಕೇಳುವುದು, ಮಧ್ಯಾಹ್ನ ಕೂಗಿದರೂ ಕೇಳದಿರುವುದು ಇದೇ ಕಾರಣಕ್ಕೆ. ಬಿಸಿಲೇರಿ ನೆಲ ಕಾದ ಮೇಲೆ ಸದ್ದು ಮೇಲಕ್ಕೆ ಬಾಗುತ್ತದೆ. ಹಾಗಾಗಿ ಯಂತ್ರ ಹಾಕಲು ಒಳ್ಳೆಯ ಹೊತ್ತು ಬೆಳಗಿನ ಹತ್ತರಿಂದ ಮಧ್ಯಾಹ್ನ ಒಂದರೊಳಗೆ. ಅಷ್ಟರಲ್ಲಿ ಇಬ್ಬನಿ ಆರಿ ಲದ್ದಿಯೂ ಒಣಗಿ ಹಗುರವಾಗಿರುತ್ತದೆ, ಕಡಿಮೆ ವೇಗಕ್ಕೇ ಏಳುತ್ತದೆ. ಇದೊಂದು ಬದಲಾವಣೆಗೆ ನಯಾಪೈಸೆ ಖರ್ಚಿಲ್ಲ. ದುಡ್ಡು ಹಾಕುವ ಕೆಲಸಗಳಿಗಿಂತ ಮೊದಲು ಇದನ್ನೇ ಮಾಡಿ.

ಗಾಳಿ ಯಂತ್ರದಿಂದ ಮನೆಗಳ ಕಡೆಗೆ ಬೀಸುವಾಗ ಸದ್ದು ದೂರ ಹೋಗುತ್ತದೆ, ಎದುರಾಗಿ ಬೀಸುವಾಗ ಸಾಯುತ್ತದೆ. ಚನ್ನರಾಯಪಟ್ಟಣ, ಅರಸೀಕೆರೆ ಕಡೆಯ ತೆರೆದ ಬಯಲಲ್ಲಿ ಇದರ ಪರಿಣಾಮ ಹೆಚ್ಚು. ಕೆರೆಯ ದಂಡೆಯಲ್ಲಿ ಓಡಿಸಿದರೆ ನೀರಿನ ಮೇಲೆ ಜಾರಿಕೊಂಡು ಆಚೆ ದಡಕ್ಕೆ ಮುಟ್ಟುತ್ತದೆ.

ಮರ ನೆಟ್ಟರೆ ಸದ್ದು ನಿಲ್ಲುತ್ತದೆ ಎಂಬ ನಂಬಿಕೆ ಎಲ್ಲ ಕಡೆ ಇದೆ. ಒಂದು ಸಾಲು ಸಿಲ್ವರ್ ಓಕ್, ಲಂಟಾನದ ಬೇಲಿ, ದಾಸವಾಳದ ಗಿಡ ಯಂತ್ರವನ್ನು ಕಣ್ಣಿಗೆ ಮರೆಮಾಡುತ್ತವೆ, ಸದ್ದನ್ನು ತಡೆಯುವುದಿಲ್ಲ. ಹತ್ತಾರು ಮೀಟರ್ ದಟ್ಟ ಗಿಡಮರ ಇದ್ದರೆ ಮಾತ್ರ ಕೆಲವು ಡೆಸಿಬಲ್ ಇಳಿಯುತ್ತದೆ. ತಡೆಯುವುದು ತೂಕ ಇರುವ, ಸಂದಿಲ್ಲದ ವಸ್ತು: ಮಣ್ಣಿನ ದಿಣ್ಣೆ, ಕಲ್ಲಿನ ಗೋಡೆ, ಧರೆ (ಗುಡ್ಡ ಕಡಿದಲ್ಲಿ ಗೋಡೆಯಂತೆ ನಿಂತ ಮಣ್ಣು). ಮನೆಯಿಂದ ನೋಡಿದಾಗ ಯಂತ್ರ ಆಗಷ್ಟೇ ಮರೆಯಾಗುವಷ್ಟು ಎತ್ತರ ಇದ್ದರೂ ಸುಮಾರು ಐದು ಡೆಸಿಬಲ್ ಸಿಗುತ್ತದೆ, ಇನ್ನೂ ಎತ್ತರ ಇದ್ದರೆ ಇನ್ನಷ್ಟು. ದಿಣ್ಣೆ ಯಂತ್ರಕ್ಕೆ ಹತ್ತಿರ ಇರಬೇಕು, ಇಲ್ಲವೇ ಮನೆಗೆ ಹತ್ತಿರ ಇರಬೇಕು. ನಡುಮಧ್ಯ ಇದ್ದರೆ ಪ್ರಯೋಜನ ಕಡಿಮೆ. ಧರೆಯೂ ಯಂತ್ರಕ್ಕೂ ಮನೆಗೂ ಅಡ್ಡವಾಗಿ ಇದ್ದರೆ ಮಾತ್ರ ಉಪಯೋಗ. ಯಂತ್ರದ ಹಿಂದೆ ಧರೆ, ಎದುರು ಮನೆ ಎಂದಾದರೆ ಧರೆಯೇ ಸದ್ದನ್ನು ಮನೆಯ ಕಡೆ ತಿರುಗಿಸಿ ಕಳಿಸುತ್ತದೆ. ಯಂತ್ರ ನಿಂತಲ್ಲೇ ಹೆಚ್ಚು ಹೊತ್ತು ಓಡುವ ಜಾಗ, ಅಂದರೆ ಪೆಟ್ಟಿಗೆ ಖಾಲಿ ಮಾಡುವ ಗೊಬ್ಬರದ ಗುಂಡಿಯ ಬಳಿಯನ್ನು, ಇದನ್ನು ನೋಡಿಕೊಂಡೇ ಆರಿಸಿ. ಅಲ್ಲಿ ಎಂಜಿನ್ ನಿಲ್ಲಿಸಿಯೇ ಸುರಿಯುವ ರೂಢಿ ಮಾಡಿಸಿದರೆ ಇನ್ನೂ ಒಳ್ಳೆಯದು.

ಆರನೆಯ ಹೆಜ್ಜೆ: ಓಡಿಸುವವನ ಕಿವಿ

ನಿಯೋಶ್ ಹೇಳುವ ಮಿತಿ 85 ಡೆಸಿಬಲ್‌ಗೆ ದಿನಕ್ಕೆ ಎಂಟು ಗಂಟೆ. ಅಲ್ಲಿಂದ ಮೂರು ಡೆಸಿಬಲ್ ಏರಿದ ಹಾಗೆಲ್ಲ ಹೊತ್ತು ಅರ್ಧವಾಗುತ್ತದೆ: 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು, 94ಕ್ಕೆ ಒಂದು, 100ಕ್ಕೆ ಬರೀ 15 ನಿಮಿಷ. ಮೇಲಿನ ಲೆಕ್ಕದ ಯಂತ್ರ 95 ಇದ್ದಾಗ ಮುಕ್ಕಾಲು ಗಂಟೆ ಮಾತ್ರ ಓಡಿಸಬಹುದಿತ್ತು, 91ಕ್ಕೆ ಇಳಿಸಿದ ಮೇಲೆ ಎರಡು ಗಂಟೆ. ಅದೇ ಹುಡುಗ ಆ ದಿನ ಕಳೆ ಕತ್ತರಿಸುವ ಯಂತ್ರವನ್ನೂ ಹಿಡಿದಿದ್ದರೆ ಆ ಹೊತ್ತೂ ಇದಕ್ಕೇ ಸೇರುತ್ತದೆ. ತೋಟಗಳಲ್ಲಿ ಈ ಕೂಡುವ ಲೆಕ್ಕವನ್ನು ಯಾರೂ ಇಡುವುದಿಲ್ಲ. ತೋಟದ ಲೆಕ್ಕ ಬರೆಯುವ ರೈಟರ ಪುಸ್ತಕದಲ್ಲಿ ಹಾಜರಿಯ ಪಕ್ಕ ಇದಕ್ಕೂ ಒಂದು ಕಾಲಂ ಇರಬೇಕು.

ಕಿವಿಗೆ ಹತ್ತಿ ತುರುಕಿದರೆ ಸಾಲದು. ಫೋಮ್ ಪ್ಲಗ್ ಆದರೆ ಶುದ್ಧ ಕೈಯಲ್ಲಿ ತೆಳ್ಳಗೆ ಹೊಸೆದು, ಇನ್ನೊಂದು ಕೈಯಿಂದ ಕಿವಿಯ ಮೇಲ್ತುದಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ಒಳಗಿಟ್ಟು ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಲದ್ದಿ ಮುಟ್ಟಿದ ಕೈಯಲ್ಲಿ ಇದನ್ನು ಮಾಡಬಾರದು, ಅದಕ್ಕೇ ಈ ಕೆಲಸಕ್ಕೆ ಹೊರಗಿನಿಂದ ಮುಚ್ಚುವ ಇಯರ್‌ಮಫ್ ವಾಸಿ. ಕಿವಿ ಹಾಳಾಗುವಾಗ ಮೊದಲು ಹೋಗುವುದು ಕೀರಲು ದನಿ. ಸಂಜೆ ಎಲ್ಲರಿಗೂ ಜೀರುಂಡೆ ಕೇಳುವಾಗ ಒಬ್ಬನಿಗೆ ಕೇಳದಿದ್ದರೆ ತಡಮಾಡದೆ ಪರೀಕ್ಷೆ ಮಾಡಿಸಿ. ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು ಹಿಮ್ಸ್‌ನ ಕಿವಿ ಮೂಗು ಗಂಟಲು ವಿಭಾಗದಲ್ಲಿ ತೋರಿಸಬಹುದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂತೂ ಇರುವುದೇ ಇಂಥದ್ದಕ್ಕೆ. ಹೋದ ಶ್ರವಣ ಮರಳುವುದಿಲ್ಲ, ಉಳಿದದ್ದನ್ನು ಕಾಯಬಹುದು.

ನಮ್ಮ ಕಡೆಯವರು ಇನ್ನೊಂದನ್ನು ಮರೆಯಬಾರದು. ಆಲೂರು, ಸಕಲೇಶಪುರ, ಬೇಲೂರು, ಮೂಡಿಗೆರೆ ಭಾಗದಲ್ಲಿ ಕಾಡಾನೆ ಹಗಲಲ್ಲೂ ತೋಟದೊಳಗೆ ಇರುತ್ತದೆ. ಯಂತ್ರದ ಸದ್ದು, ಮೇಲೆ ಇಯರ್‌ಮಫ್, ಬೆನ್ನು ಕಾಡಿನ ಕಡೆಗೆ: ಈ ಸ್ಥಿತಿಯಲ್ಲಿ ಒಬ್ಬನನ್ನೇ ಎಂದೂ ಬಿಡಬೇಡಿ. ಕಿವಿ ಮುಚ್ಚದ ಇನ್ನೊಬ್ಬರು ಸುಮಾರು ಇಪ್ಪತ್ತು ಮೀಟರ್ ದೂರದಲ್ಲಿ, ಯಂತ್ರ ಹಿಡಿದವನ ಕಣ್ಣಿಗೆ ಕಾಣುವಂತೆ ನಿಂತಿರಬೇಕು. ಕೂಗಿದರೆ ಕೇಳದು, ಬಣ್ಣದ ಬಟ್ಟೆ ಬೀಸಿದರೆ ಎಂಜಿನ್ ಆರಿಸು, ಈ ಕಡೆ ಬಾ ಎಂದು ಮೊದಲೇ ಗೊತ್ತುಮಾಡಿಕೊಂಡಿರಬೇಕು. ಹೊರಡುವ ಮುನ್ನ ಅರಣ್ಯ ಇಲಾಖೆಯ ಆನೆ ಮಾಹಿತಿ ನೋಡಿ. ಹತ್ತಿರದಲ್ಲಿ ಆನೆ ಇದೆ ಎಂದರೆ ಆ ದಿನ ಲದ್ದಿ ಬಯಲಲ್ಲೇ ಇರಲಿ.

ಏಳನೆಯ ಹೆಜ್ಜೆ: ಕುದುರೆಗೆ ರೂಢಿ ಮಾಡಿಸಿ

ಮನುಷ್ಯರ ಕಿವಿ 20 ಕಿಲೋಹರ್ಟ್ಸ್‌ಗೆ (ಸೆಕೆಂಡಿಗೆ 20 ಸಾವಿರ ಕಂಪನ) ನಿಂತರೆ ಕುದುರೆಗೆ 33 ಕಿಲೋಹರ್ಟ್ಸ್‌ವರೆಗೂ ಕೇಳುತ್ತದೆ. ಸವೆದ ಬೇರಿಂಗಿನ, ಜಾರುವ ಬೆಲ್ಟಿನ ಕೀರಲು ನಮಗೆ ಕೇಳದ ಎತ್ತರಕ್ಕೆ ಹೋದಾಗಲೂ ಅದಕ್ಕೆ ಕೇಳುತ್ತಿರುತ್ತದೆ. ನಿನ್ನೆವರೆಗೆ ಸುಮ್ಮನಿದ್ದ ಕುದುರೆ ಇಂದು ಯಂತ್ರ ಕಂಡರೆ ಬೆದರುತ್ತಿದ್ದರೆ ಬೇರಿಂಗ್ ಮುಟ್ಟಿ ನೋಡಿ.

ಬಯಲಲ್ಲಿ ಕುದುರೆ ಇರುವಾಗ ಎಂಜಿನ್ ಚಾಲೂ ಮಾಡಬೇಡಿ. ಪಕ್ಕದ ಆವರಣಕ್ಕೆ ಬಿಟ್ಟು, ಮೇವು ಹಾಕಿ, ಅತಿ ದೂರದ ಮೂಲೆಯಲ್ಲಿ ಚಾಲೂ ಮಾಡಿ ನಿಧಾನ ವೇಗದಲ್ಲಿ ಬಿಡಿ. ಕಿವಿ ಯಂತ್ರದ ಕಡೆ ನೆಟ್ಟು, ತಲೆ ಎತ್ತಿ, ಮೇಯುವುದು ನಿಲ್ಲಿಸಿದರೆ ಅಲ್ಲೇ ನಿಲ್ಲಿ. ತಲೆ ತಗ್ಗಿಸಿ ಮತ್ತೆ ಮೇಯಲು ತೊಡಗಿದಾಗ ಎಂಜಿನ್ ಆರಿಸಿ. ಬೆದರಿದಾಗ ಆರಿಸಿದರೆ, ಓಡಿದರೆ ಸದ್ದು ನಿಲ್ಲುತ್ತದೆ ಎಂದು ಅದು ಕಲಿಯುತ್ತದೆ. ದಿನದಿಂದ ದಿನಕ್ಕೆ ಸ್ವಲ್ಪ ಹತ್ತಿರ, ಸ್ವಲ್ಪ ವೇಗ. ಹಗ್ಗ ಹಾಕಿ ಕಟ್ಟಿ ರೂಢಿ ಮಾಡಿಸಲು ಹೋಗಬೇಡಿ. ತೋಟದ ಬೇಲಿಗಳೆಲ್ಲ ಮುಳ್ಳುತಂತಿಯವು. ಬೆದರಿ ಓಡಿದ ಕುದುರೆಗೆ ತಂತಿ ಕಾಣುವುದಿಲ್ಲ, ಎದೆಯ ಚರ್ಮವೇ ಸೀಳುತ್ತದೆ. ಮರಿ, ತುಂಬು ಗಬ್ಬದ ಹೆಣ್ಣು ಕುದುರೆ ಇರುವ ಆವರಣಕ್ಕೆ ಯಂತ್ರ ಬೇಡವೇ ಬೇಡ, ಅಲ್ಲಿ ಕೈಯಲ್ಲೇ ಎತ್ತಿ.

ಎಂಟನೆಯ ಹೆಜ್ಜೆ: ಲೈನ್‌ಮನೆ, ನೆರೆಮನೆ, ಕಾನೂನು

ಹೋಮ್‌ಸ್ಟೇ ಅತಿಥಿಗಳಿಗೆ ಸದ್ದು ತಟ್ಟಬಾರದೆಂದು ಯಂತ್ರವನ್ನು ತೋಟದ ಇನ್ನೊಂದು ತುದಿಗೆ ಒಯ್ಯುತ್ತಾರೆ. ಆ ತುದಿಯಲ್ಲೇ ಲೈನ್‌ಮನೆಗಳು ಇರುತ್ತವೆ. ಅಲ್ಲಿ ಎಳೆಮಗು ಮಲಗಿರುತ್ತದೆ, ಹುಷಾರಿಲ್ಲದವರು ಇರುತ್ತಾರೆ, ಅವರು ಸಾಹುಕಾರರ ಹತ್ತಿರ ಬಂದು ದೂರುವುದಿಲ್ಲ. ದೂರು ಬರಲಿಲ್ಲ ಎಂದರೆ ತೊಂದರೆ ಇಲ್ಲ ಎಂದು ತಿಳಿಯುವುದು ನ್ಯಾಯವಲ್ಲ. ಅಳತೆಯ ಪಟ್ಟಿಯಲ್ಲಿ ಲೈನ್‌ಮನೆಯನ್ನು ಸೇರಿಸಿದ್ದು ಅದಕ್ಕೇ. ಹೋಗಿ ಕೇಳಿ: “ಅಕ್ಕಾ, ನಾಳೆ ಮಿಷನ್ ಹಾಕ್ಬೇಕು, ನಿಮ್ಗೆ ಯಾವ ಹೊತ್ತಾದ್ರೆ ಅಡ್ಡಿ ಇಲ್ಲ?” “ಮಗು ಹನ್ನೊಂದಕ್ಕೆ ಮಲಗತ್ತೆ ಅಣ್ಣಾ, ಅಷ್ಟ್ರೊಳಗೆ ಈ ಕಡೇದು ಮುಗಿಸ್ಬಿಡಿ” ಎಂಬ ಉತ್ತರ ಬಂದರೆ ಲೈನ್‌ಮನೆಯ ಮಗ್ಗುಲನ್ನು ಹತ್ತಕ್ಕೇ ಶುರುಮಾಡಿ, ಆಮೇಲೆ ದೂರಕ್ಕೆ ಹೋಗಿ. ನೆರೆಯವರಿಗೂ ವಾರದ ಯಾವ ಎರಡು ದಿನ, ಎಷ್ಟು ಹೊತ್ತು ಎಂದು ಮೊದಲೇ ಹೇಳಿಡಿ. ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆಯ ವಾರಗಳಲ್ಲಿ ಫೋರ್ಕ್ ಹಿಡಿದರೆ ಯಾರದೂ ಗಂಟು ಹೋಗುವುದಿಲ್ಲ.

ಶಬ್ದ ಮಾಲಿನ್ಯ ನಿಯಮಗಳು ಬಂದದ್ದು 2000ದಲ್ಲಿ. ವಾಸದ ಪ್ರದೇಶಕ್ಕೆ ಹಗಲು, ಅಂದರೆ ಬೆಳಗ್ಗೆ 6ರಿಂದ ರಾತ್ರಿ 10ರವರೆಗೆ, 55 ಡೆಸಿಬಲ್, ರಾತ್ರಿಗೆ 45. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ ಮೌನ ವಲಯಕ್ಕೆ 50 ಮತ್ತು 40. ಈ ಮಿತಿಗಿಂತ 10 ಡೆಸಿಬಲ್ ಅಥವಾ ಅದಕ್ಕಿಂತ ಹೆಚ್ಚಾದರೆ ಯಾರು ಬೇಕಾದರೂ ಪ್ರಾಧಿಕಾರಕ್ಕೆ ದೂರು ಕೊಡಬಹುದು. ಪ್ರಾಧಿಕಾರ ಎಂದರೆ ಜಿಲ್ಲಾಧಿಕಾರಿ, ಇಲ್ಲವೇ ಸರ್ಕಾರ ಗೊತ್ತುಮಾಡಿದ, ಡಿವೈಎಸ್ಪಿ ದರ್ಜೆಗೆ ಕಡಿಮೆಯಲ್ಲದ ಅಧಿಕಾರಿ. ನೀವೇ ಸದ್ದಿನಿಂದ ನರಳುವ ನೆರೆಯವರಾಗಿದ್ದರೆ ದಿನಾಂಕ, ಹೊತ್ತು, ಎಷ್ಟು ನಿಮಿಷ, ಅಳತೆ ಎಷ್ಟು ಎಂದು ಬರೆದಿಡಿ. ಮೊದಲು ಮಾತಾಡಿ, ಆಮೇಲೆ ಪಂಚಾಯಿತಿ, ಕೊನೆಗೆ ಲಿಖಿತ ದೂರು.

ಹೊಸ ಯಂತ್ರ ಕೊಳ್ಳುವವರಿಗೆ

ಬ್ಯಾಟರಿ ಯಂತ್ರ ಎಂದರೆ ಸದ್ದೇ ಇಲ್ಲ ಎಂದು ಮಾರುವವರು ಹೇಳುತ್ತಾರೆ. ಎಂಜಿನ್ನಿನ ಡಬಡಬ ಹೋಗುವುದು ನಿಜ, ಬ್ಲೋವರಿನ ಊಳು ಹಾಗೇ ಉಳಿಯುತ್ತದೆ. ಆದ್ದರಿಂದ ಎಂಜಿನ್ನಿಗಿಂತ ಬ್ಲೋವರನ್ನು ನೋಡಿ: ದೊಡ್ಡ ಸುತ್ತಳತೆಯ, ನಿಧಾನವಾಗಿ ತಿರುಗುವ ಬ್ಲೋವರ್ ಇರುವುದನ್ನು ಆರಿಸಿ. ಸದ್ದಿನ ಅಂಕಿ ಕೇಳಿ. ಓಡಿಸುವವನ ಕಿವಿಯ ಬಳಿಯದೋ, 7 ಮೀಟರ್ ದೂರದ್ದೋ ಎಂದೂ ಕೇಳಿ. ದೂರ ಹೇಳದ ಅಂಕಿಗೆ ಅರ್ಥವಿಲ್ಲ. ರೆಕ್ಕೆ ಶುಚಿಮಾಡಲು ಮುಚ್ಚಳ ಎಷ್ಟು ಬೋಲ್ಟಿಗೆ ಬಿಚ್ಚುತ್ತದೆ, ಕಡಿಮೆ ಸದ್ದಿನ ಸೈಲೆನ್ಸರ್ ಸಿಗುತ್ತದೆಯೇ, ಬೇರಿಂಗ್ ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಸಿಗುವ ಅಳತೆಯದೇ ಎಂದು ನೋಡಿಕೊಳ್ಳಿ. ದುಡ್ಡು ಕೊಡುವ ಮುನ್ನ ನಿಮ್ಮ ಬಯಲಿಗೇ ತಂದು, ನಿಮ್ಮ ಕುದುರೆಯ ಲದ್ದಿಯ ಮೇಲೇ ಓಡಿಸಿ ತೋರಿಸಲು ಹೇಳಿ, ಮೀಟರ್ ಹಿಡಿದು ನಿಲ್ಲಿ. ಅದಕ್ಕೆ ಒಪ್ಪದ ಅಂಗಡಿಯಿಂದ ಕೊಳ್ಳಬೇಡಿ.